ರಕ್ತದೊತ್ತಡ ಮತ್ತು ಡಾ. ಫ್ರೈಸ್

ಮಾನ್ಯ ಸಂಪಾದಕರೇ,

ತೊಂದರೆಯೇ ಇಲ್ಲದಿರುವಾಗ ಬಿಪಿ ಮಾತ್ರೆ ಏಕೆ ಎನ್ನುವವರು ಅಮೆರಿಕದ ವೈದ್ಯ ಎಡ್ವರ್ಡ್ ಫ್ರೈಸ್ ಅವರ ಕೆಲಸ ನೋಡಬೇಕು. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಅವರ ಮುಂದಾಳತ್ವದಲ್ಲಿ ನಡೆದ ಅಧ್ಯಯನದ ಮೊದಲ ಫಲಿತಾಂಶ ಬಂದದ್ದು 1967ರಲ್ಲಿ. ರಕ್ತದೊತ್ತಡದ ಕೆಳಗಿನ ಅಂಕಿ 115ರಿಂದ 129 ಇದ್ದ 143 ಪುರುಷರಲ್ಲಿ ಗಂಭೀರ ಅನಾಹುತಗಳು ಬಹುಪಾಲು ಔಷಧದ ಬದಲು ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ನುಂಗಿದವರಿಗೇ ಆದವು. 1970ರಲ್ಲಿ 90–114ರ ಗುಂಪಿನಲ್ಲೂ ಲಾಭ ಕಂಡಿತು. 1971ರಲ್ಲಿ ಫ್ರೈಸ್ ಅವರಿಗೆ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪುರಸ್ಕಾರವಾದ ಲಾಸ್ಕರ್ ಪ್ರಶಸ್ತಿ.

ನನ್ನ ಮೆಚ್ಚುಗೆ ಮಾತ್ರ ಪೂರ್ವತಯಾರಿಗೆ. ಮಾತ್ರೆ ತಪ್ಪಿಸುವವರು ಸೇರಿಕೊಂಡರೆ ಔಷಧದ ಗುಣವೇ ಮಸುಕಾಗುತ್ತದೆ. ಹಾಗಾಗಿ ಮೊದಲು ರೈಬೋಫ್ಲೇವಿನ್ (ಬಿ2 ಜೀವಸತ್ವ) ಬೆರೆಸಿದ ಹುಸಿಮಾತ್ರೆ ಕೊಟ್ಟು, ಮೂತ್ರ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆಯೇ ಎಂದು ನೋಡಿ, ಉಳಿದ ಮಾತ್ರೆಗಳನ್ನೂ ಎಣಿಸುತ್ತಿದ್ದರು. ಲೆಕ್ಕ ತಪ್ಪಿದವರಿಗೆ ಪ್ರವೇಶವಿಲ್ಲ! ಕೊರತೆಯೂ ಇತ್ತೆನ್ನಿ: ಅಧ್ಯಯನದಲ್ಲಿ ಮಹಿಳೆಯರೇ ಇರಲಿಲ್ಲ.