ಬಿದ್ದವರಿಗೆ ಮೊದಲು ಇಸಿಜಿ, ಆಮೇಲೆ ಫಿಟ್ಸ್ ಮಾತ್ರೆ

ಮಾನ್ಯ ಸಂಪಾದಕರೇ,

ಮೂವತ್ತೊಂದು ವರ್ಷ ಇಸಿಜಿ ತೆಗೆದು ನಿವೃತ್ತನಾದವನು ನಾನು, ವೈದ್ಯನಲ್ಲ. ಎದೆಗೆ ಜೆಲ್ ಸವರಿ, ರಬ್ಬರ್ ಬುರುಡೆ ಒತ್ತಿ ಅಂಟಿಸಿ, ಚೌಕುಳಿ ಕಾಗದವನ್ನು ಹರಿದು ವೈದ್ಯರ ಮೇಜಿಗೆ ತಲುಪಿಸುವುದಷ್ಟೇ ನನ್ನ ಕೆಲಸವಾಗಿತ್ತು. ಆದರೂ ಬೆಳಗಿನ ವಾಯುವಿಹಾರದಲ್ಲಿ ಗೆಳೆಯರು ನನ್ನನ್ನು ಬಿಡುವುದಿಲ್ಲ. ಮಕ್ಕಳು ಕೊಡಿಸಿದ ಸ್ಮಾರ್ಟ್‌ವಾಚನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನಿನ್ನೆ ರಾತ್ರಿ ಬಡಿತ ನಲವತ್ತೆರಡಕ್ಕೆ ಇಳಿದಿದೆ, ಪೇಸ್‌ಮೇಕರ್ ಹಾಕಿಸಬೇಕೇನೋ ನೋಡಿ ಸ್ವಾಮಿ" ಎನ್ನುತ್ತಾರೆ. ನಿಧಾನವಾದ ಹೃದಯವನ್ನು ಮಿಡಿಸಲು ಎದೆಯಲ್ಲಿಡುವ ಪುಟ್ಟ ಯಂತ್ರವೇ ಪೇಸ್‌ಮೇಕರ್. ತಲೆಸುತ್ತು ಬಂತೇ, ಕಣ್ಣು ಕತ್ತಲಿಟ್ಟಿತೇ ಎಂದು ಕೇಳಿದರೆ, ಇಲ್ಲ, ಸೊಗಸಾಗಿ ನಿದ್ದೆ ಬಂತು ಎಂಬ ಉತ್ತರ. ನಿದ್ದೆಯಲ್ಲಿ ಬಡಿತ ಇಳಿಯದೆ ಏರುತ್ತದೆಯೇ?

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಸಾಲುಸಾಲು ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಅವರ ಭಯವನ್ನು ಆಡಿಕೊಳ್ಳುತ್ತಿಲ್ಲ. ಆದರೆ ಸಾಲಿನಲ್ಲಿ ನಿಲ್ಲಬೇಕಾದ ಒಂದು ಬಗೆಯ ರೋಗಿಗಳು ಅಲ್ಲಿಗೆ ಬರುವುದೇ ಇಲ್ಲ. ಅವರು ಬೇರೆ ಬಾಗಿಲಿಗೆ ಹೋಗಿರುತ್ತಾರೆ.

ನಮ್ಮ ದೊಡ್ಡಮ್ಮ ಹಾಗೆ ಹೋದವರು. ಒಂದು ಮಧ್ಯಾಹ್ನ ಅಡಿಕೆ ಸುಲಿಯುತ್ತಿದ್ದವರು ಮೆಟ್ಟುಗತ್ತಿಯ ಪಕ್ಕಕ್ಕೆ ಕುಸಿದರು. ಮುಖ ಸುಣ್ಣದಂತೆ ಬಿಳಿಚಿಕೊಂಡಿತು, ಕೈಕಾಲು ಎರಡು ಮೂರು ಸಲ ಅದುರಿದವು. ನಿಮಿಷ ಕಳೆಯುವುದರೊಳಗೆ ತಾವೇ ಎದ್ದು ಕುಳಿತು, "ಯಾಕೆ ಎಲ್ಲರೂ ನನ್ನನ್ನೇ ನೋಡುತ್ತೀರಿ?" ಎಂದರು. ಅಷ್ಟರಲ್ಲಿ ಯಾರೋ ಕೈಗೆ ಕಬ್ಬಿಣದ ಬೀಗದ ಕೈ ತುರುಕಿಯಾಗಿತ್ತು. ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಫಿಟ್ಸ್ ಮಾತ್ರೆ ಬರೆದುಕೊಟ್ಟರು. ಅವರೊಬ್ಬರದೇ ತಪ್ಪೆನ್ನಲಾರೆ. ನಮ್ಮ ಭಾಷೆಯಲ್ಲಿ ಎಚ್ಚರ ತಪ್ಪುವುದೂ ಮೂರ್ಛೆ, ಅಪಸ್ಮಾರವೂ ಮೂರ್ಛೆರೋಗ. ಚೀಟಿ ಮಾಡಿಸುವಾಗ "ಮೂರ್ಛೆ ಬರುತ್ತದೆ" ಎಂದು ಹೇಳಿದವರು ನಾವೇ. ಅರ್ಧ ರೋಗನಿರ್ಣಯ ಕೌಂಟರಿನಲ್ಲೇ ಮುಗಿದಿತ್ತು.

ಎರಡು ವರ್ಷ ಮಾತ್ರೆ ನುಂಗಿದರು, ಬೀಳುತ್ತಲೇ ಇದ್ದರು. ಆ ಮಾತ್ರೆ ಕಾರ್ಬಮಜೆಪಿನ್. ಹೃದಯದ ವಿದ್ಯುತ್ ಹಾದಿಯಲ್ಲಿ ತಡೆ ಇರುವವರಿಗೆ ಅದನ್ನು ಕೊಡಬಾರದು, ತಡೆ ಇನ್ನೂ ಹೆಚ್ಚಬಹುದು ಎಂಬುದು ನನಗೆ ತಿಳಿದದ್ದು ಆಮೇಲೆ. ನಾಚಿಕೆಯ ಸಂಗತಿಯೆಂದರೆ, ದಿನವಿಡೀ ಊರವರ ಇಸಿಜಿ ತೆಗೆಯುತ್ತಿದ್ದ ನಾನು ಮನೆಯವರದನ್ನು ತೆಗೆದಿರಲಿಲ್ಲ. ದೊಡ್ಡಮ್ಮ ಗೌರಿ ಹಬ್ಬಕ್ಕೆ ಬಂದಾಗ ಸುಮ್ಮನೆ ನಾಡಿ ಹಿಡಿದೆ: ನಿಮಿಷಕ್ಕೆ ಮೂವತ್ತನಾಲ್ಕು. ಮರುದಿನ ತೆಗೆದ ಪಟ್ಟಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಲಿನ ಕೋಣೆಗಳ ಸಣ್ಣ ಗುಬ್ಬು ಅಲೆಗಳು ತಮ್ಮ ಪಾಡಿಗೆ ಸಾಲಾಗಿ ಸಾಗಿವೆ. ಕೆಳಗಿನ ಕೋಣೆಗಳ ಚೂಪು ಮೊನೆಗಳು ಸುಮಾರು ಒಂಬತ್ತು ದೊಡ್ಡ ಚೌಕಕ್ಕೊಂದರಂತೆ ಬೇರೆಯೇ ಲೆಕ್ಕದಲ್ಲಿ ಬರುತ್ತಿವೆ. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ವೈದ್ಯರು ಅದನ್ನು ಕಂಪ್ಲೀಟ್ ಹಾರ್ಟ್ ಬ್ಲಾಕ್, ಅಂದರೆ ವಿದ್ಯುತ್ ಹಾದಿಯ ಪೂರ್ತಿ ತಡೆ ಎನ್ನುತ್ತಾರೆ. ಬಡಿತ ಕೆಲವು ಸೆಕೆಂಡು ನಿಂತರೆ ಮಿದುಳಿಗೆ ರಕ್ತ ಸಾಲದೆ ಬೀಳುತ್ತಾರೆ, ಕೈಕಾಲು ಅದುರಿ ಫಿಟ್ಸ್‌ನಂತೆಯೇ ಕಾಣುತ್ತದೆ. ಪೇಸ್‌ಮೇಕರ್ ಹಾಕಿಸಿದ ಮೇಲೆ ದೊಡ್ಡಮ್ಮ ಮತ್ತೆ ಬೀಳಲಿಲ್ಲ.

ಹಾಗೆಂದು ನಿಧಾನ ಬಡಿತವನ್ನು ಮನೆಮನೆಗೆ ಹೋಗಿ ಹುಡುಕಬೇಕೆಂದಲ್ಲ. ಡೆನ್ಮಾರ್ಕಿನಲ್ಲಿ ಲೂಪ್ ಎಂಬ ಅಧ್ಯಯನ ನಡೆಯಿತು. ಎಪ್ಪತ್ತು ದಾಟಿದ 6004 ಜನರಲ್ಲಿ ಕಾಲು ಭಾಗದವರ ಎದೆಯ ಚರ್ಮದಡಿ ಸದಾ ಬಡಿತ ದಾಖಲಿಸುವ ಪುಟ್ಟ ಉಪಕರಣ ಇಟ್ಟರು. ನಿಧಾನ ಬಡಿತದ ತೊಂದರೆ ಅವರಲ್ಲಿ ಶೇ 20.8ರಷ್ಟು ಜನರಲ್ಲಿ ಪತ್ತೆಯಾಯಿತು. ಉಪಕರಣವಿಲ್ಲದವರಲ್ಲಿ ಶೇ 3.8 ಮಾತ್ರ. ಪತ್ತೆಯಾದವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರಲಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರ ಸಂಖ್ಯೆಯೂ ಏರಿತು. ಆದರೆ 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಎಚ್ಚರ ತಪ್ಪುವುದರಲ್ಲಾಗಲಿ ಹಠಾತ್ ಹೃದಯ ಸಾವಿನಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಾಚು ತೋರಿಸುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ.

ಬಿದ್ದವರ ವಿಷಯ ಬೇರೆ. ಪದೇಪದೇ ಎಚ್ಚರ ತಪ್ಪುವವರ ಹೃದಯ ನಿಜಕ್ಕೂ ಕೆಲವು ಸೆಕೆಂಡು ನಿಲ್ಲುವುದನ್ನು ಉಪಕರಣದಲ್ಲಿ ಹಿಡಿದು, ಅಂಥ 77 ಜನರಿಗೆ ಪೇಸ್‌ಮೇಕರ್ ಹಾಕಿ ನೋಡಿದರು. ಇಶ್ಯೂ-3 ಎಂಬ ಈ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಯಂತ್ರ ಎಲ್ಲರ ಎದೆಯಲ್ಲೂ ಇತ್ತು, ಆದರೆ ಅರ್ಧದಷ್ಟು ಜನರಲ್ಲಿ ಅದನ್ನು ಆಫ್ ಮಾಡಿಟ್ಟಿದ್ದರು. ಎರಡು ವರ್ಷದಲ್ಲಿ ಆಫ್ ಆಗಿದ್ದವರಲ್ಲಿ ಶೇ 57, ಆನ್ ಆಗಿದ್ದವರಲ್ಲಿ ಶೇ 25ರಷ್ಟು ಮಂದಿಗೆ ಮತ್ತೆ ಎಚ್ಚರ ತಪ್ಪಿತು. ಹೀಗೆ ಬಡಿತ ನಿಲ್ಲುವುದನ್ನು ಮೊದಲು ಹಿಡಿಯದೆ, ಎಚ್ಚರ ತಪ್ಪುವವರಿಗೆ ಪೇಸ್‌ಮೇಕರ್ ಹಾಕಿ ನೋಡಿದ 2003ರ ಪ್ರಯೋಗದಲ್ಲಿ ಸ್ಪಷ್ಟ ಲಾಭ ಕಂಡಿರಲಿಲ್ಲ. ಬೀಳುವುದಕ್ಕೂ ಬಡಿತಕ್ಕೂ ತಾಳೆ ನೋಡಿದ ಮೇಲೆ ಹಾಕಿದರೆ ಯಂತ್ರಕ್ಕೆ ಬೆಲೆ. ಆದರೆ ದೊಡ್ಡಮ್ಮನಂಥ ಪೂರ್ತಿ ತಡೆ ಕಂಡರೆ ಲಕ್ಷಣಕ್ಕಾಗಿ ಕಾಯುವಂತಿಲ್ಲ ಎಂಬುದೂ ವೈದ್ಯರಿಗೆ ಗೊತ್ತು.

ತಾಳೆ ನೋಡುವುದು ಹೇಗೆ? ಇಪ್ಪತ್ನಾಲ್ಕು ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿ ಕಳಿಸುತ್ತಾರೆ. ವರ್ಷಕ್ಕೆ ಮೂರು ಸಲ ಬೀಳುವವರು ಆ ಒಂದು ದಿನವೇ ಬೀಳಬೇಕಲ್ಲ! "ನಾರ್ಮಲ್" ಎಂಬ ವರದಿ ಹಿಡಿದು ನಗುತ್ತ ಮನೆಗೆ ಹೋದ ಎಷ್ಟೋ ಜನರನ್ನು ನೋಡಿದ್ದೇನೆ. ವರ್ಷಗಟ್ಟಲೆ ದಾಖಲಿಸುವ ಉಪಕರಣ ದುಬಾರಿ, ಸಾಮಾನ್ಯರ ಕೈಗೆ ಎಟುಕುವುದಿಲ್ಲ.

ಅದು ದೊಡ್ಡ ಮಾತಾಯಿತು. ಈಗಲೇ ಮಾಡಬಹುದಾದದ್ದು ಒಂದಿದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುವ ವ್ಯವಸ್ಥೆ ಬಂದಿದೆ. ಅದು ಎದೆನೋವಿನವರಿಗೆ. ಎಚ್ಚರ ತಪ್ಪಿ ಬಿದ್ದು ಬಂದವರನ್ನೂ ಅದೇ ಮಂಚದ ಮೇಲೆ ಮಲಗಿಸಿ, ಅದೇ ಯಂತ್ರದಲ್ಲಿ ಒಂದು ಪಟ್ಟಿ ತೆಗೆಯಲಿ. ಐದು ನಿಮಿಷವೂ ಬೇಡ. ಫಿಟ್ಸ್ ಮಾತ್ರೆಯ ಚೀಟಿಗೆ ಆ ಪಟ್ಟಿಯನ್ನು ಪಿನ್ ಮಾಡದ ಹೊರತು ಔಷಧ ಕೊಡಬಾರದೆಂದು ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

ಮನೆಯವರಿಗೂ ಒಂದು ಮಾತು. ಆಸ್ಪತ್ರೆಗೆ ಹೋಗುವಾಗ ಬಿದ್ದದ್ದನ್ನು ಕಣ್ಣಾರೆ ಕಂಡವರನ್ನು ಕರೆದುಕೊಂಡು ಹೋಗಿ. ಮುಖ ಬಿಳಿಚಿತ್ತೇ, ಎಷ್ಟು ಹೊತ್ತಿಗೆ ಎದ್ದರು, ಎದ್ದ ಮೇಲೆ ಮಾತು ಸರಿಯಿತ್ತೇ ಎಂಬುದನ್ನು ಅವರೇ ಹೇಳಲಿ. ಬಿಪಿ ಮಾತ್ರೆಯ ಜೊತೆ ಕಣ್ಣಿನ ಹನಿಯ ಸೀಸೆಯನ್ನೂ ಒಯ್ಯಿರಿ. ಗ್ಲಾಕೋಮಾಗೆ ಹಾಕುವ ಟಿಮೋಲಾಲ್ ಹನಿ ಕೂಡ ಎದೆಬಡಿತ ಇಳಿಸಬಲ್ಲದು. ಮತ್ತೆ, "ಮೂರ್ಛೆ" ಎನ್ನಬೇಡಿ. "ಬಿದ್ದರು" ಎನ್ನಿ.

– ನಿವೃತ್ತ ಇಸಿಜಿ ತಂತ್ರಜ್ಞ, ಶಿವಮೊಗ್ಗ