202ರ ಬೀಮ್ ಬಿರುಕು: ಶನಿವಾರ ಎಂಜಿನಿಯರ್ ಬರುತ್ತಾರೆ

ಎಲ್ಲರಿಗೂ ನಮಸ್ಕಾರ. ರಿನೋವೇಶನ್‌ಗೆ ಅಂತ ಹಾಲ್‌ನ ಫಾಲ್ಸ್ ಸೀಲಿಂಗ್ ತೆಗೆಸಿದರೆ ಬೀಮ್‌ನಲ್ಲಿ ಬಿರುಕು! "ಬರೀ ಪ್ಲಾಸ್ಟರ್ ಸಾರ್, ಪುಟ್ಟಿ ಹೊಡೆದ್ರೆ ಆಯ್ತು" ಅಂದರು ಮೇಸ್ತ್ರಿ. ನನಗೆ ಸಮಾಧಾನ ಆಗಲಿಲ್ಲ. ಪ್ಲಾಸ್ಟರ್ ಕೆತ್ತಿಸಿ ನೋಡಿದೆ, ಕಾಂಕ್ರೀಟೇ ಬಿರುಕು ಬಿಟ್ಟಿದೆ. ಪಿಲ್ಲರ್ ಪಕ್ಕದಿಂದ ಓರೆಯಾಗಿ ಮೇಲಕ್ಕೆ ಹೋಗಿದೆ. ಎಟಿಎಂ ಕಾರ್ಡ್ ಸಲೀಸಾಗಿ ತೂರುತ್ತದೆ, ಅದರ ದಪ್ಪವೇ 0.76 ಮಿ.ಮೀ. ಕಾಂಕ್ರೀಟ್ ಕಟ್ಟಡಗಳ ಕೋಡ್ (ನಿಯಮಾವಳಿ) ಪ್ರಕಾರ ಬಿರುಕಿನ ಅಗಲ ಸಾಮಾನ್ಯವಾಗಿ 0.3 ಮಿ.ಮೀ. ದಾಟಬಾರದು. ಅದೂ ಓರೆ ಬಿರುಕು, ಸುಮ್ನೆ ಬಿಡೋ ಹಾಗಿಲ್ಲ.

ಕೆಲಸ ನಿಲ್ಲಿಸಿ ಬೀಮ್ ಕೆಳಗೆ ಆಸರೆಗೆ ಜಾಕಿ ಕೊಡಿಸಿದ್ದೇನೆ. ಬೆಳೆಯುತ್ತಿದೆಯಾ ಅಂತ ತಿಳಿಯಲು ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿದ್ದೇನೆ.

ಶನಿವಾರ ಬೆಳಗ್ಗೆ 10ಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬರುತ್ತಾರೆ. ಬಿಲ್ಡಿಂಗ್‌ನ ಹಳೆ ಡ್ರಾಯಿಂಗ್ ಯಾರ ಹತ್ತಿರವಾದರೂ ಇದ್ದರೆ ಕೊಡಿ, ಒಳಗಿನ ಕಂಬಿ ಲೆಕ್ಕಕ್ಕೆ ಬೇಕು. ಮೇಲಿನ 302ರ ಆಂಟಿ, ಭಾರ ಕಡಿಮೆಯಾಗಲು ನಿಮ್ಮ ಹಾಲ್‌ನಲ್ಲಿರುವ ಆ ದೊಡ್ಡ ಫಿಶ್ ಟ್ಯಾಂಕ್ ನೀರು ಅಲ್ಲಿಯವರೆಗೆ ಖಾಲಿ ಮಾಡಿಸಬಹುದಾ? ಮೀನುಗಳಿಗೆ ನಮ್ಮನೆ ಬಕೆಟ್ ರೆಡಿ ಇದೆ.