ಹಲಗೆ ಹಾಕಲು ಇಲಾಖೆಯ ದಾರಿ ಕಾಯುವುದೇಕೆ?

ಮಾನ್ಯ ಸಂಪಾದಕರೇ,

ಕಂಬಗಳ ನಡುವಿನ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ತಡೆಯುವ ಕಿಂಡಿ ಅಣೆಕಟ್ಟುಗಳಿಗೆ ಸಕಾಲದಲ್ಲಿ ಹಲಗೆ ಹಾಕಿಲ್ಲ ಎಂಬ ದಕ್ಷಿಣ ಕನ್ನಡದ ಕೃಷಿಕರ ದೂರು ಡಿಸೆಂಬರ್ ಬಂತೆಂದರೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ದೂರು ನ್ಯಾಯವಾದದ್ದೇ. ಸಾರ್ವಜನಿಕರ ಹಣದಲ್ಲಿ ಕಟ್ಟಿದ ಅಣೆಕಟ್ಟಿನ ನಿರ್ವಹಣೆ ಸರಕಾರದ ಹೊಣೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿ ಮೇಜಿನಿಂದ ಮೇಜಿಗೆ ಹೋಗಿ, ಟೆಂಡರ್ ಆಗಿ, ಗುತ್ತಿಗೆದಾರರು ಕಾರ್ಮಿಕರನ್ನು ಕರೆತರುವ ತನಕ ತೋಡಿನ (ಹಳ್ಳದ) ನೀರು ಕಾದು ನಿಲ್ಲುವುದಿಲ್ಲ ಎಂಬುದು ಗೊತ್ತಿದ್ದೂ ನಾವು ದಡದಲ್ಲಿ ನಿಂತು ನೋಡುತ್ತಿರುವುದು ಸರಿಯೇ ಎಂದು ಕೇಳಿಕೊಳ್ಳಬೇಕಾಗಿದೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 4 ತಿಂಗಳಲ್ಲೇ ಬಂದು, ಇಳಿಜಾರಿನ ಮುರಕಲ್ಲು ನೆಲದಲ್ಲಿ ಹೆಚ್ಚು ದಿನ ನಿಲ್ಲದೆ ಸಮುದ್ರ ಸೇರುತ್ತದೆ. ಸಣ್ಣ ತೋಡುಗಳು ಫೆಬ್ರುವರಿಯೊಳಗೆ ಬತ್ತುತ್ತವೆ. ಅಡಿಕೆ ತೋಟಕ್ಕೆ ಮೇ ಕೊನೆಯ ತನಕ ನೀರು ಬೇಕು. ನಡುವಿನ ಈ ಅಂತರವನ್ನು ತುಂಬಲು ನೂರಾರು ಅಡಿ ಆಳದ ಕೊಳವೆಬಾವಿ ಕೊರೆಸುವುದೊಂದೇ ದಾರಿಯೆಂದು ನಂಬಿದ್ದೇವೆ. ಹರಿವು ಇಳಿಮುಖವಾಗುವ ನವೆಂಬರ್–ಡಿಸೆಂಬರ್‌ನಲ್ಲಿ ನೀರನ್ನು ತಡೆದರೆ ಕಟ್ಟದ (ತೋಡಿಗೆ ಅಡ್ಡ ಹಾಕಿದ ಒಡ್ಡಿನ) ಹಿಂದೆ ಕೊಳ ನಿಲ್ಲುವುದಷ್ಟೇ ಅಲ್ಲ, ಎರಡೂ ದಡದ ಬಾವಿಗಳ ಮಟ್ಟವೂ ಏರುತ್ತದೆ. ಜನವರಿ ಕೊನೆಗೆ ಹಲಗೆ ಇಳಿಸಿದರೆ ತಡೆಯಲು ನೀರೇ ಇರುವುದಿಲ್ಲ.

ಕಳೆದ ವರ್ಷ ನಮ್ಮೂರಿನಲ್ಲಿ ಆದದ್ದು ಇದೇ. ಅಣೆಕಟ್ಟಿನ ಹಲಗೆಗಳು ಪಕ್ಕದ ಶೆಡ್ಡಿನಲ್ಲೇ ಇದ್ದವು, ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಬೀಗದ ಕೈ ಯಾರಲ್ಲಿದೆ ಎಂಬುದೇ ಚರ್ಚೆಯಾಗಿ ದಿನ ಕಳೆಯಿತು. ಕೊನೆಗೆ ಹಲಗೆ ಬಿದ್ದಾಗ ನೀರು ಮೊಣಕಾಲಿನ ಮಟ್ಟಕ್ಕೂ ಏರಲಿಲ್ಲ. ಅದೇ ತೋಡಿನ ಮೇಲ್ಭಾಗದ ಕೆಲವು ಮನೆಯವರು ಯಾರನ್ನೂ ಕಾಯದೆ ಡಿಸೆಂಬರ್‌ನ ಒಂದು ಭಾನುವಾರ ಕಟ್ಟ ಕಟ್ಟಿಕೊಂಡಿದ್ದರು. ಗೊಬ್ಬರದ ಖಾಲಿ ಚೀಲಗಳಿಗೆ ತೋಡಿನದೇ ಮರಳು ತುಂಬಿ, ಅಡಿಕೆ ಮರದ ಕಾಂಡಗಳನ್ನು ಅಡ್ಡ ಕೊಟ್ಟು, ನೀರು ಬರುವ ಬದಿಗೆ ಪ್ಲಾಸ್ಟಿಕ್ ಹಾಳೆ ಹೊದೆಸಿದ ಆ ಕಟ್ಟ ನೋಡಲು ಚಂದವೇನೂ ಇರಲಿಲ್ಲ. ಆದರೆ ಅನುಭವಸ್ಥರೊಬ್ಬರು ಜತೆಯಲ್ಲಿದ್ದು, ಕಟ್ಟ ಸೋರುವುದು ಮೇಲಿನಿಂದಲ್ಲ, ಬುಡದಿಂದ ಎಂದು ಹೇಳಿ, ಮೊದಲು ಗಟ್ಟಿ ತಳ ಸಿಗುವ ತನಕ ಮರಳು ತೆಗೆಸಿದರು. ಹಾಳೆಯ ಕೆಳ ಅಂಚನ್ನು ಆ ಕಣಿಯೊಳಗೆ ಇಳಿಸಿ ಅಂಟುಮಣ್ಣಿನಿಂದ ಮೆಟ್ಟಿಸಿದರು. ಏಪ್ರಿಲ್‌ನಲ್ಲೂ ಅಲ್ಲಿನ ಬಾವಿಗಳಲ್ಲಿ ಪಂಪು ಓಡುತ್ತಿತ್ತು.

ಇದು ಹೊಸ ವಿದ್ಯೆಯೇನಲ್ಲ. ಕಲ್ಲು, ಮಣ್ಣು, ಸೊಪ್ಪು ಹಾಕಿ ಊರವರೇ ಸೇರಿ ಕಟ್ಟ ಕಟ್ಟುವುದು ತುಳುನಾಡಿನಲ್ಲಿ ಕೊಯ್ಲಿನಷ್ಟೇ ಸಹಜವಾದ ವಾರ್ಷಿಕ ಕೆಲಸವಾಗಿತ್ತು. ಕಾಸರಗೋಡು ಜಿಲ್ಲೆಯ ಏತಡ್ಕದ ಕನ್ನಡಿಗ ಕೃಷಿಕರು ದಶಕಗಳಿಂದ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿ ಒಂದರ ಕೆಳಗೊಂದು ಕಟ್ಟಗಳಿವೆ; ಮೇಲಿನದು ತುಂಬಿ ಹರಿದ ನೀರು ಕೆಳಗಿನದನ್ನು ತುಂಬುತ್ತದೆ. ಕೆಳಗಿನವರ ಪಾಲನ್ನು ಕಸಿದುಕೊಂಡು ನೀರು ಇಂಗಿಸಬೇಕಾಗಿಲ್ಲ ಎಂಬುದನ್ನು ಅಲ್ಲಿಗೆ ಹೋಗಿ ನೋಡಿದವರು ಬಲ್ಲರು.

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿ ಬೋಳುಗುಡ್ಡಕ್ಕೆ ಒಬ್ಬರೇ ಸುರಂಗ ಕೊರೆದು, ಹಲವು ಬಾರಿ ಸೋತರೂ ಬಿಡದೆ ನೀರು ಕಂಡ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಊರೂರಲ್ಲಿ ಸನ್ಮಾನದ ಮಾತಾಯಿತು. ಒಂದು ಸಂಶಯವನ್ನು ಇಲ್ಲಿ ಹೇಳಿಬಿಡುತ್ತೇನೆ: ಇಂಥವರನ್ನು ಅಸಾಮಾನ್ಯರೆಂದು ಹೊಗಳಿ, ಶಾಲು ಹೊದೆಸಿ, ಅದು ನಮ್ಮಂಥವರಿಂದಾಗುವ ಕೆಲಸವಲ್ಲ ಎಂದು ನುಣುಚಿಕೊಳ್ಳುವುದೂ ಇಲಾಖೆಯ ದಾರಿ ಕಾಯುವುದಕ್ಕಿಂತ ಬೇರೆಯೇನಲ್ಲ. ಕಟ್ಟಕ್ಕಾದರೋ ಅಷ್ಟು ದೊಡ್ಡ ಛಲವೂ ಬೇಡ. ನೆರೆಕರೆಯವರು ಒಂದು ದಿನ ಒಟ್ಟಾದರೆ ಸಾಕು.

ಜನ ಎಲ್ಲಿ ಸಿಗುತ್ತಾರೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ ಎಂಬ ಮಾತು ಸುಳ್ಳಲ್ಲ. ಹಾಗಿದ್ದರೂ ಚೀಲ ತುಂಬಲು ಬರಲಾಗದವರು ಜೆಸಿಬಿಯ ಬಾಡಿಗೆ ಕೊಡಬಹುದು. ಮೇಲೆ ಹೇಳಿದ ಕಟ್ಟದ ಖರ್ಚನ್ನು ತೋಟದ ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿಕೊಂಡಿದ್ದರಿಂದ ಐದು ಸೆಂಟ್ಸ್ ಜಾಗದವರು ತಮ್ಮ ದುಡಿಮೆಯನ್ನಷ್ಟೇ ಕೊಟ್ಟರು, ನೀರು ಮಾತ್ರ ಅವರ ಬಾವಿಗೂ ಬಂತು. ಜನರೇ ಮಾಡಿಕೊಂಡರೆ ಸರಕಾರ ಕೈತೊಳೆದುಕೊಳ್ಳುತ್ತದೆ ಎಂಬ ಆಕ್ಷೇಪವೂ ಇದೆ, ಅದು ಹೆಚ್ಚು ಗಂಭೀರವಾದದ್ದು. ಶಿಥಿಲವಾದ ಕಂಬದ ದುರಸ್ತಿ, ದೊಡ್ಡ ಹೊಳೆಗಳ ಅಣೆಕಟ್ಟುಗಳ ನಿರ್ವಹಣೆ ಊರವರಿಂದ ಆಗುವಂಥದ್ದಲ್ಲ. ಅದಕ್ಕಾಗಿ ಅರ್ಜಿ, ಒತ್ತಾಯ ಎಲ್ಲವೂ ಮುಂದುವರಿಯಲೇಬೇಕು. ಸಣ್ಣ ತೋಡಿನ ಹಲಗೆಗೆ ಮಾತ್ರ ಆ ಅರ್ಜಿಗಳು ತೀರ್ಮಾನವಾಗುವ ತನಕ ಕಾಯಬಾರದು.

ಆದ್ದರಿಂದ ಪಂಚಾಯಿತಿಗಳಲ್ಲಿ ನನ್ನದೊಂದು ವಿನಂತಿ. ಪ್ರತಿ ಕಿಂಡಿ ಅಣೆಕಟ್ಟಿನ ಶೆಡ್ಡಿನ ಬೀಗದ ಕೈಯನ್ನು ಅಲ್ಲಿನ ಫಲಾನುಭವಿ ಕೃಷಿಕರ ಕೈಗೆ ಲಿಖಿತವಾಗಿ ಒಪ್ಪಿಸಲಿ, ಕೆಟ್ಟ ಹಲಗೆಗಳ ಪಟ್ಟಿಯನ್ನು ಅಕ್ಟೋಬರ್‌ನಲ್ಲೇ ತರಿಸಿಕೊಳ್ಳಲಿ. ಕೃಷಿಕರೂ ಹಲಗೆ ಹಾಕುವ ದಿನವೇ ಅದನ್ನು ಮೇ ತಿಂಗಳಲ್ಲಿ ಯಾರು ತೆಗೆಯುವುದು ಎಂದು ಹೆಸರು ಹಿಡಿದು ತೀರ್ಮಾನಿಸಿಕೊಳ್ಳಬೇಕು. ಮೊದಲ ನೆರೆಗೆ ಮುನ್ನ ತೆಗೆಯದಿದ್ದರೆ ಮರ ಕಸಕಡ್ಡಿ ಸಿಕ್ಕಿಕೊಂಡು ನೀರು ತೋಟಕ್ಕೇ ನುಗ್ಗುತ್ತದೆ, ಹಲಗೆಯೂ ಉಳಿಯುವುದಿಲ್ಲ.

ಇತಿ,
ಒಬ್ಬ ಅಡಿಕೆ ಕೃಷಿಕ,
ಪುತ್ತೂರು ತಾಲ್ಲೂಕು